ಫೋಲ್ಡರ್ ಅಕ್ಕಾರು ಒಪ್ಪಿಕೊಂಡರೆಂಬ ಮಾತು

‘ಪಾಪ, ಎಡ ಯಾವುದು, ಬಲ ಯಾವುದು ಆಕೆಗೆ ತಿಳಿಯದಂತಾಗಿತ್ತು. ಪಾರ್ಶ್ವವಾಯು ಹೊಡೆಯುವ ಮೊದಲೇ ತಲೆ ಕೈಕೊಟ್ಟಿತ್ತು. ಒಂಬತ್ತು ಜನರ ಮೆದುಳಿನ ಚಿತ್ರಗಳನ್ನು ಎಡಬಲ ಅದಲುಬದಲು ಮಾಡಿಬಿಟ್ಟಳು. ಕಡೆಗೆ ತಾನೇ ಹೌದೆಂದು ಒಪ್ಪಿಕೊಂಡಳು.’

ಫೋಲ್ಡರ್ ಅಕ್ಕಾರ ಬಗ್ಗೆ, ಅವರ ಕೆಲಸವನ್ನು ಬಲ್ಲ ಹತ್ತಿಪ್ಪತ್ತು ಜನರ ನಡುವೆ ಚಾಲ್ತಿಯಲ್ಲಿರುವ ಮಾತು ಇದು. ಅವರ ಶ್ರದ್ಧಾಂಜಲಿ ಸಭೆಯಲ್ಲಿ, ಬುದ್ಧವಂದನೆ ಮುಗಿದು ಜನ ಚಹಾದ ಲೋಟ ಹಿಡಿದು ನಿಂತಿದ್ದಾಗಲೂ ನಾನು ಇದನ್ನೇ ಕೇಳಿದೆ. ಹೇಳಿದವರು ಕನಿಕರದಿಂದಲೇ ಹೇಳುತ್ತಿದ್ದರು. ದ್ವೇಷದಿಂದ ಹುಟ್ಟಿದ ಸುಳ್ಳಿಗೆ ಎದುರು ನಿಲ್ಲಬಹುದು. ಕನಿಕರದಿಂದ ಹುಟ್ಟಿದ ಸುಳ್ಳಿಗೆ ಎದುರಾಡಿದರೆ ನಾವೇ ಒರಟರಾಗಿ ಕಾಣುತ್ತೇವೆ. ಆದರೂ ನಾನು ಈ ಮಾತನ್ನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲವೆಂಬುದನ್ನು ಬರೆಯುವ ಮೊದಲು, ಅವರು ಎಂಥವರಾಗಿದ್ದರೆಂದು ಹೇಳಬೇಕು.

ಅವರ ಬಲಗೈ ಮಣಿಕಟ್ಟಿನಲ್ಲಿ ಆಸ್ಪತ್ರೆಯ ಬಿಳಿ ಅಂಟುಪಟ್ಟಿಯ ಸುರುಳಿಯೊಂದು ಸದಾ ಬಳೆಯಂತೆ ಇರುತ್ತಿತ್ತು. ಅದರ ಅಂಟು ತಗಲಿ ತಗಲಿ ಅಲ್ಲಿಯ ಚರ್ಮ ಒರಟಾಗಿ, ಧೂಳು ಹಿಡಿದು, ಬೂದು ಬಣ್ಣದ ಗೆರೆಯಾಗಿತ್ತು. ನಲವತ್ತು ದಾಟಿದ, ಕುಳ್ಳಗಿನ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಡೆಯುವ ಹೆಂಗಸು. ದೇಶಪಾಂಡೆ ನಗರದ ಒಂದು ಸ್ಕ್ಯಾನಿಂಗ್ ಕೇಂದ್ರದ ಹಿಂಬದಿಯ ಕೋಣೆಯಲ್ಲಿ, ಮುದುಕರ ನೆನಪಿನ ಶಕ್ತಿಯನ್ನು ಅಭ್ಯಾಸ ಮಾಡುತ್ತಿದ್ದ ಸಂಶೋಧನಾ ತಂಡವೊಂದಕ್ಕೆ ಅವರು ಕೆಲಸ ಮಾಡುತ್ತಿದ್ದರು. ತಲೆಯ ಚಿತ್ರ ತೆಗೆಸಿಕೊಳ್ಳಲು ನಿರೋಗಿ ಮುದುಕರು ಬೇಕಾಗಿದ್ದರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಉಳಿದದ್ದನ್ನೆಲ್ಲ ಸಾರ್ವಜನಿಕ ವಾಚನಾಲಯದಲ್ಲಿ ಓದಿಕೊಂಡ ನನಗೆ ನನ್ನ ತಲೆಯೊಳಗೆ ಏನಿದೆಯೆಂದು ನೋಡುವ ಹಟವಿತ್ತು. ಹೋದೆ.

‘ಕಾಕಾ, ಏನು ಕೆಲಸ ಮಾಡ್ತಿದ್ರಿ?’ ಎಂದು ಕೇಳಿದರು.

‘ತಾರಿಹಾಳದ ಕಾರ್ಖಾನ್ಯಾಗ, ಕಬ್ಬಣ ಕೊರಿಯೂ ಲೇಥ್ ಮ್ಯಾಲೆ. ಮೂವತ್ತು ವರ್ಷದ ಮ್ಯಾಲಾತು.’

‘ಹಂಗಾರ ಇವತ್ತ ನಿಮ್ಮನ್ನ ಒಳಗ ಬಿಡಂಗಿಲ್ಲ.’

‘ಯಾಕವಾ, ಎಣ್ಣಿ ವಾಸನಿ ಬರತೈತೇನು?’

‘ಕಣ್ಣಾಗ ಕಬ್ಬಣದ ಚೂರು ಉಳದಿದ್ರ ಆ ಯಂತ್ರ ದೊಡ್ಡ ಅಯಸ್ಕಾಂತ ಇದ್ದಂಗ, ಅದನ್ನ ಎಳೀತೈತ್ರಿ. ಕಣ್ಣ ಹೋದಮ್ಯಾಲೆ ವಾಸನಿ ತಗೊಂಡು ಏನ್ ಮಾಡ್ತೀರಿ? ಮೊದಲ ಎಕ್ಸರೇ ತಗಸ್ಕೊಂಡ ಬರ್ರಿ.’

ತಂಡದ ಮುಖ್ಯಸ್ಥರಾದ ಡಾಕ್ಟರು, ‘ಇರಲಿ ಬಿಡ್ರಿ, ಏನಾಗೂದಿಲ್ಲ’ ಎಂದರು. ಅಕ್ಕಾರು ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದರು. ನಾನು ಎಕ್ಸರೇ ತೆಗೆಸಿಕೊಂಡು ಮರುದಿನ ಬಂದೆ.

ಮಲಗಿಸುವ ಮುಂಚೆ ಅವರದೊಂದು ಪದ್ಧತಿಯಿತ್ತು. ಮೀನೆಣ್ಣೆಯ ಗುಳಿಗೆಯೊಂದನ್ನು ಬಲಗಿವಿಯ ಮೇಲೆ ಅಂಟುಪಟ್ಟಿಯಿಂದ ಅಂಟಿಸುವುದು. ಎಣ್ಣೆ ಆ ಯಂತ್ರದ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮುಂದೆ ಯಾರೇ ಚಿತ್ರ ನೋಡಿದರೂ ಬಿಳಿ ಚುಕ್ಕೆಯಿರುವ ಕಡೆ ಬಲವೆಂದು ತಿಳಿಯಬೇಕು. ಎದುರಿಗೆ ನಿಂತವರಿಗೆ ಎಡಬಲ ಅದಲುಬದಲಾಗಿ ಕಾಣುವುದರಿಂದ ಅವರು ತಮ್ಮ ಕಣ್ಣನ್ನು ನಂಬುತ್ತಿರಲಿಲ್ಲ. ‘ಊಟದ ಕೈ ಎತ್ರಿ’ ಎನ್ನುತ್ತಿದ್ದರು. ಕೈ ಎದ್ದ ಕಡೆಗೆ ಗುಳಿಗೆ. ನನ್ನ ಮುಂದಿದ್ದ ಹಿರಿಯರೊಬ್ಬರು, ‘ನಾ ಎಡಚ ಅದೇನ್ರಿ, ಯಾವ ಕೈ ಎತ್ತಲಿ?’ ಎಂದು ತಕರಾರು ತೆಗೆದರು.

‘ಬರಿಯೂದು ಯಾವ ಕೈಲಾದ್ರೂ ಇರಲಿ, ರೊಟ್ಟಿ ಯಾವ ಕೈಲೆ ಮುರೀತೀರಿ?’

‘ಎಡಗೈಲೆ ಮುರದಿದ್ರ ನಮ್ಮವ್ವ ಆ ಕೈನ ಮುರೀತಿದ್ಲು!’

‘ನಿಮ್ಮವ್ವಾರು ನನ್ನ ಕೆಲಸ ಹಗರ ಮಾಡ್ಯಾರ. ಎತ್ರಿ ಕೈ.’

ಅವರ ನಿಜವಾದ ಕೆಲಸ ಆಮೇಲಿನದು. ಯಂತ್ರದಿಂದ ಬರುವುದು ಕಚ್ಚಾ ಮಾಲು. ಒಂದು ತಲೆಗೆ ಸಾವಿರಾರು ತುಣುಕು ಕಡತಗಳು; ಅವುಗಳ ಹೆಸರೆಂದರೆ ಉದ್ದುದ್ದ ಅಂಕಿಗಳ ಸಾಲು; ಪ್ರತಿ ತುಣುಕಿನ ಹೊಟ್ಟೆಯಲ್ಲಿಯೂ ಮಲಗಿದವನ ಹೆಸರು, ಹುಟ್ಟಿದ ದಿನ. ಅಕ್ಕಾರು ಆ ತುಣುಕುಗಳನ್ನು ಕೂಡಿಸಿ ಒಂದು ಇಡೀ ಚಿತ್ರ ಮಾಡುತ್ತಿದ್ದರು. ಹೆಸರು ತೆಗೆದು ನಂಬರು ಕೊಡುತ್ತಿದ್ದರು. ಗುರುತು ಸಿಗಬಾರದೆಂದು ಮುಖದ ಮುಂಭಾಗವನ್ನು ಅಳಿಸುತ್ತಿದ್ದರು. ಚಿತ್ರದ ಪಕ್ಕದಲ್ಲಿ, ಅದನ್ನು ಯಂತ್ರ ಹೇಗೆ ತೆಗೆಯಿತೆಂಬ ವಿವರದ ಸಣ್ಣ ಪಠ್ಯಕಡತ ಇಡುತ್ತಿದ್ದರು. ಪ್ರತಿ ನಂಬರಿಗೆ ಒಂದು ಫೋಲ್ಡರ್, ಅದರೊಳಗೆ ಯಾವುದು ಎಲ್ಲಿರಬೇಕೆಂಬುದಕ್ಕೆ ಜಗತ್ತಿನ ಎಲ್ಲ ಸಂಶೋಧಕರೂ ಒಪ್ಪಿದ ಒಂದೇ ಕ್ರಮ. ಅದಕ್ಕೇ ಅವರಿಗೆ ಫೋಲ್ಡರ್ ಅಕ್ಕಾರು ಎಂಬ ಹೆಸರು ಬಿದ್ದದ್ದು.

ನಾನು ಶನಿವಾರಗಳಂದು ಅಲ್ಲಿಗೆ ಹೋಗಿ ಕೂಡತೊಡಗಿದೆ. ಅವರು ಬೇಸರಪಡದೆ ಕಲಿಸಿದರು. ಪಠ್ಯಕಡತ ತೆರೆಯುವುದು, ಪುಕ್ಕಟೆ ಸಿಗುವ ಪ್ರೋಗ್ರಾಮಿನಲ್ಲಿ ಚಿತ್ರ ನೋಡುವುದು, ಎಲ್ಲ. ನನ್ನ ನಂಬರು ಎಷ್ಟೆಂದು ಕೇಳಿದರೆ ಮಾತ್ರ, ‘ನಿಮ್ಮ ನಂಬರ್ ನಿಮಗೂ ಹೇಳಂಗಿಲ್ರಿ’ ಎನ್ನುತ್ತಿದ್ದರು. ಇಷ್ಟೊಂದು ಬರೆದಿಡುವುದು ಯಾಕೆಂದು ಒಮ್ಮೆ ಕೇಳಿದೆ.

‘ನಾಳಿ ಇದನ್ನ ತಗಿಯೋರು ನನ್ನ ಕೇಳಾಕ ಬರಂಗಿಲ್ಲ ಕಾಕಾ. ನನ್ನ ಕೇಳದನ ಅವರಿಗೆ ತಿಳೀಬೇಕು.’ ಮುಂದಿನ ಫೋಲ್ಡರ್ ತೆರೆಯುತ್ತ ತಾವೇ ಸೇರಿಸಿದರು: ‘ಮತ್ತ, ಬ್ಯಾರೇದವರು ತಪ್ಪ ಮಾಡಿದ್ರ ಅದು ತಪ್ಪು ಅಷ್ಟ. ನಮ್ಮ ಮಂದಿ ಮಾಡಿದ್ರ ಜಾತಿ ಹೆಸರು ತಗೀತಾರ. ನಮ್ಮಪ್ಪಗ ಕಚೇರ್ಯಾಗ ಹಂಗ ಆಗಿತ್ತು.’

ಈಗ ಆ ಒಂಬತ್ತು ಚಿತ್ರಗಳ ವಿಷಯ. ಮೊಣಕಾಲಿನ ಚಿತ್ರಕ್ಕೆ ಬಂದವರನ್ನು ಆ ಯಂತ್ರದೊಳಗೆ ಕಾಲು ಮುಂದಾಗಿ ಕಳಿಸುತ್ತಾರೆ, ತಲೆಯ ಚಿತ್ರಕ್ಕೆ ಬಂದವರನ್ನು ತಲೆ ಮುಂದಾಗಿ. ಹೇಗೆ ಕಳಿಸಿದೆವೆಂದು ಯಂತ್ರ ನಡೆಸುವವನು ಮೊದಲೇ ನಮೂದಿಸಬೇಕು. ಎರಡು ದಿನ ಅವನು ಮೊಣಕಾಲಿನ ರೋಗಿಗೆ ನಮೂದಿಸಿದ್ದನ್ನು ಬದಲಿಸದೆ ನಮ್ಮ ತಲೆಗಳ ಚಿತ್ರ ತೆಗೆದ. ಹೀಗಾಗಿ ಒಂಬತ್ತು ತಲೆಗಳು ಫೋಲ್ಡರಿನಲ್ಲಿ ತಲೆಕೆಳಗಾಗಿ ಜೋತುಬಿದ್ದವು. ಅಕ್ಕಾರು ಅದನ್ನು ಕಂಡುಹಿಡಿದ ಶನಿವಾರ ನಾನು ಅಲ್ಲಿಯೇ ಇದ್ದೆ. ಡಾಕ್ಟರು ಬಂದರು. ಅಂದು ಸಂಜೆಯೊಳಗೆ ಎಲ್ಲ ಫೋಲ್ಡರುಗಳನ್ನೂ, ಯಾರು ಬೇಕಾದರೂ ತೆರೆದು ನೋಡಬಹುದಾದ ಅಂತರ್ಜಾಲದ ಸಾರ್ವಜನಿಕ ಭಂಡಾರಕ್ಕೆ ಕಳಿಸಬೇಕಾಗಿತ್ತು.

‘ತಲಿಕೆಳಗಾಗ್ಯಾವಲ್ಲ, ಮ್ಯಾಲೆ ಮಾಡಿಬಿಡ್ರಿ. ಅದರಾಗೇನದ?’ ಎಂದರು ಡಾಕ್ಟರು.

‘ಪೂರ್ತಿ ತಿರಗಸಬೇಕ್ರಿ ಸರ್. ಬರೇ ಮ್ಯಾಲಿಂದ ಕೆಳಗ ಮಾಡಿದ್ರ ಕನ್ನಡ್ಯಾಗ ನೋಡಿದಂಗ ಆಗತೈತಿ.’ ಅಕ್ಕಾರು ತಮ್ಮ ಬಲ ಅಂಗೈಯನ್ನು ಎತ್ತಿ ಹಿಡಿದು, ಬೆರಳು ಕೆಳಗಾಗುವಂತೆ ತಿರುಗಿಸಿ ತೋರಿಸಿದರು. ‘ಹಿಂಗ ತಿರಗಿಸಿದ್ರೂ ಇದು ಬಲಗೈನ. ಕನ್ನಡ್ಯಾಗ ಹಿಡದ್ರ ಎಡಗೈ. ಎರಡ ದಿನ ಕೊಡ್ರಿ, ಒಂದೊಂದ ಗುಳಗಿ ನೋಡಿ ತಾಳೆ ಹಾಕಿ, ಏನ್ ಮಾಡೇನಂತ ಬರದು ಕಳಸ್ತೇನಿ.’

ನನಗೆ ತಕ್ಷಣ ತಿಳಿಯಿತು. ತಡೆಯಲಾರದೆ ಬಾಯಿ ಹಾಕಿದೆ: ‘ಖರೇ ಐತ್ರಿ ಸಾಹೇಬ್ರ. ಬಲಕ್ಕ ತಿರಗಿಸಿ ಬಿಗಿಯೂ ರೈಟ್ ಥ್ರೆಡ್ ಬೋಲ್ಟ್ ತಲಿಕೆಳಗ ಹಿಡದ್ರೂ ರೈಟ್ ಥ್ರೆಡ್ಡ. ಕನ್ನಡ್ಯಾಗ ನೋಡ್ರಿ, ಲೆಫ್ಟ್ ಥ್ರೆಡ್ ಆಗತೈತಿ. ಆ ಬೋಲ್ಟ್ ತನ್ನ ನಟ್ಟಿಗೇ ಕೂಡಂಗಿಲ್ಲ.’

‘ಕಾಕಾ, ಇದು ಬೋಲ್ಟ್ ಅಲ್ಲ, ಮೆದುಳು,’ ಎಂದು ಡಾಕ್ಟರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಯಂತ್ರದವನೂ ನಕ್ಕ. ಅಕ್ಕಾರು ನಗಲಿಲ್ಲ. ‘ಬರದಿಡದ ನಾ ಕಳಸಂಗಿಲ್ರಿ’ ಎಂದು ಎದ್ದು ನಿಂತರು. ಡಾಕ್ಟರು ತಮ್ಮ ಕಂಪ್ಯೂಟರಿನ ಮುಂದೆ ಹೋಗಿ ಕುಳಿತರು. ನಾವಿಬ್ಬರೂ ಹೊರಗೆ ಬಂದು ಬಸ್ ನಿಲ್ದಾಣದವರೆಗೆ ನಡೆದೆವು.

ಕೆಲವು ತಿಂಗಳಾದ ಮೇಲೆ, ಆ ಭಂಡಾರವನ್ನು ನೋಡಿದ ಬೇರೆ ದೇಶದ ಸಂಶೋಧಕರೊಬ್ಬರು, ಒಂಬತ್ತು ಫೋಲ್ಡರುಗಳಲ್ಲಿ ಬಿಳಿ ಚುಕ್ಕೆ ಎಡಗಡೆ ಇದೆಯೆಂದು ಬರೆದರು. ಆ ಚಿತ್ರಗಳನ್ನು ಆಧರಿಸಿ ತಂಡ ಬರೆದಿದ್ದ ಪ್ರಬಂಧ ವಾಪಸಾಯಿತು. ಫೋಲ್ಡರ್ ಮಾಡಿದವರು ಯಾರು? ಅಕ್ಕಾರು. ಹಾಗಾದರೆ ತಪ್ಪು ಯಾರದು? ವಿಚಾರಣೆಯೆಂಬ ಸಭೆ ಸೇರಿತು. ಅದರ ಹಿಂದಿನ ದಿನ ಅಕ್ಕಾರು ಗೋಪನಕೊಪ್ಪದ ನಮ್ಮ ಮನೆಗೆ ಬಂದರು. ಕುರ್ಚಿಯ ಅಂಚಿನಲ್ಲಿ ಕುಳಿತು, ‘ಕಾಕಾ, ನಾಳಿ ನೀವೊಮ್ಮೆ ಬಂದು, ಅವತ್ತ ಏನು ಮಾತಾತು ಅಷ್ಟ ಹೇಳ್ರಿ. ಆ ಕ್ವಾಣ್ಯಾಗಿದ್ದವರ ಪೈಕಿ ಅವರ ಸಂಬಳ ತಗೊಳ್ಳದವರು ನೀವೊಬ್ಬರ’ ಎಂದರು.

ನಾನು ಹೋಗಲಿಲ್ಲ. ‘ಕಡತ ಅದಾವಲ್ಲ ಅಕ್ಕಾರ, ಅವ ಮಾತಾಡತಾವ’ ಎಂದು ಹೇಳಿ ಕಳಿಸಿಬಿಟ್ಟೆ. ಬೋಲ್ಟಿನ ಮಾತಿಗೆ ನಕ್ಕವರೆದುರು ಇನ್ನೊಮ್ಮೆ ನಿಲ್ಲಲು ನನ್ನ ಅಭಿಮಾನ ಒಪ್ಪಲಿಲ್ಲವೆಂಬುದು ನಿಜ. ಯಾರು ಏನೇ ಹೇಳಿದರೂ ಪುರಾವೆ ಕೇಳುವವನೆಂದು ಹೆಸರು ಪಡೆದ ನಾನು, ನಾನೇ ಪುರಾವೆಯಾಗಬೇಕಾದ ದಿನ ಮನೆಯಲ್ಲಿ ಕುಳಿತೆ. ಆ ಸಭೆಯಲ್ಲಿ ಕಡತಗಳನ್ನು ಯಾರೂ ತೆರೆಯಲಿಲ್ಲವಂತೆ. ಅಕ್ಕಾರನ್ನು ಕೆಲಸದಿಂದ ತೆಗೆದರು. ಬೇರೆ ಕಡೆ ಕೆಲಸ ಕೇಳಲು ಹೋದಲ್ಲೆಲ್ಲ, ಒಂಬತ್ತು ಚಿತ್ರ ಕೆಡಿಸಿದಳೆಂಬ ಮಾತು ಅವರಿಗಿಂತ ಮೊದಲೇ ತಲುಪಿರುತ್ತಿತ್ತು. ಧಾರವಾಡದಲ್ಲಿ ಕೋರ್ಟಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಿದ್ದರು. ನಾನು ಹೋದಾಗ ಚಹಾ ತರಿಸುತ್ತಿದ್ದರು. ಸಭೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ವರ್ಷ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ತಂಗಿ ಚಮಚೆಯಿಂದ ಗಂಜಿ ಕುಡಿಸುತ್ತಿದ್ದಳು. ಎಲ್ಲ ಮಾತುಗಳಲ್ಲಿ ಒಂದೇ ಒಂದು ಅವರ ನಾಲಗೆಯಲ್ಲಿ ಉಳಿದಿತ್ತು: ‘ಹೌದ್ರಿ.’

ತಂಡದ ಇಬ್ಬರು ಹಣ್ಣು ತೆಗೆದುಕೊಂಡು ನೋಡಲು ಬಂದಾಗ ನಾನು ಮಂಚದ ಕಾಲ ಬಳಿ ಕುಳಿತಿದ್ದೆ. ಅವರಲ್ಲೊಬ್ಬ ಬಾಗಿ ಕೇಳಿದ: ‘ಅಕ್ಕಾರ, ಆ ಒಂಬತ್ತು ಚಿತ್ರ ಮಾಡುಮುಂದನ ನಿಮಗ ಹಿಂಗ ಆಗಾಕತ್ತಿತ್ತೇನ್ರಿ?’

‘ಹೌದ್ರಿ.’

‘ಎಡ ಬಲ ತಿಳೀತಿರಲಿಲ್ಲೇನ್ರಿ?’

‘ಹೌದ್ರಿ. ಹೌದ್ರಿ.’

ಇಬ್ಬರೂ ಮುಖ ಮುಖ ನೋಡಿಕೊಂಡು, ಕಣ್ಣೊರೆಸಿಕೊಂಡು ಹೋದರು. ಒಪ್ಪಿಕೊಂಡಳೆಂಬ ಮಾತು ಹುಟ್ಟಿದ್ದು ಅಲ್ಲಿ. ಅವರು ಹೋದ ಮೇಲೆ ನಾನು ಮಂಚದ ಹತ್ತಿರ ಸರಿದು ಕೇಳಿದೆ: ‘ಅಕ್ಕಾರ, ನಾನು ನಿಮ್ಮ ತಂಗಿ ಏನ್ರಿ?’ ‘ಹೌದ್ರಿ’ ಎಂದರು. ‘ಇದು ಮುಂಬೈ ಏನ್ರಿ?’ ‘ಹೌದ್ರಿ’ ಎಂದರು. ಮೂರನೆಯ ಪ್ರಶ್ನೆ ಕೇಳಲಾಗಲಿಲ್ಲ. ಅವರ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಎಡಗೈ ಮಂಚದ ಪಟ್ಟಿಯನ್ನು ಬಡಿಯುತ್ತಿತ್ತು. ಬಂದವರು ಕೇಳಿದ್ದೆಲ್ಲ ಅವರಿಗೆ ಅರ್ಥವಾಗಿತ್ತು. ಬೇರೆ ಉತ್ತರ ಕೊಡಲು ನಾಲಗೆಯಿರಲಿಲ್ಲ. ತಂಗಿ ಬಂದು ನನ್ನನ್ನು ಗದರಿಸಿದಳು: ‘ಸಾಕ ಬಿಡ್ರಿ ಕಾಕಾ, ಪರೀಕ್ಷಾ ಮಾಡಾಕ ಇದು ಸಾಲಿ ಅಲ್ಲ.’ ನಾಲ್ಕು ತಿಂಗಳು ಹಾಗೆ ಮಲಗಿದ್ದು ಅಕ್ಕಾರು ತೀರಿಕೊಂಡರು.

ಶ್ರದ್ಧಾಂಜಲಿ ಸಭೆಯಿಂದ ಮನೆಗೆ ಬಂದವನು ಆ ಭಂಡಾರವನ್ನು ತೆರೆದೆ. ತಿದ್ದಿದ ಆವೃತ್ತಿಯ ಪಕ್ಕದಲ್ಲಿ ಮೊದಲಿನದನ್ನೂ ಹಾಗೆಯೇ ಇಡುವುದು ಅಲ್ಲಿಯ ನಿಯಮ. ನನ್ನ ತಲೆ ಯಾವುದೆಂದು ತಿಳಿಯದು, ಮುಖಗಳು ಅಳಿಸಿಹೋಗಿವೆ. ಆದರೆ ನನ್ನ ಎಡಗಿವಿಯ ಹಿಂದೆ ಒಂದು ಕುಳಿಯಿದೆ. ಕಾರ್ಖಾನೆಯಲ್ಲಿ ಸರಪಳಿಯ ಕೊಕ್ಕೆ ಬಡಿದು ಎಲುಬು ತಗ್ಗಾದದ್ದು. ಆ ಕುಳಿಯನ್ನು ಹುಡುಕುತ್ತ ಮೊದಲಿನ ಆವೃತ್ತಿಯ ಫೋಲ್ಡರುಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಆರು ದಿನ ಹಿಡಿಯಿತು. ಹತ್ತೊಂಬತ್ತನೆಯದರಲ್ಲಿ ಸಿಕ್ಕಿತು. ಕುಳಿ ಬಲಗಡೆ ಇತ್ತು, ಗುಳಿಗೆಯ ಚುಕ್ಕೆ ಎಡಗಡೆ.

ಅಂದರೆ ಅಕ್ಕಾರು ಗುಳಿಗೆಯನ್ನು ಕುಳಿಯ ಎದುರು ಬದಿಗೆ, ಸರಿಯಾದ ಕಿವಿಯ ಮೇಲೆಯೇ ಅಂಟಿಸಿದ್ದರು. ತಪ್ಪು ಕಿವಿಗೆ ಅಂಟಿಸಿದ್ದರೆ ಕುಳಿ, ಚುಕ್ಕೆ ಎರಡೂ ಒಂದೇ ಕಡೆ ಇರುತ್ತಿದ್ದವು. ಇಡೀ ತಲೆ ಆಮೇಲೆ ಕನ್ನಡಿಯ ತಲೆಯಾಯಿತು. ಪಕ್ಕದ ಪಠ್ಯಕಡತದಲ್ಲಿ ನಾನು ಕಾಲು ಮುಂದಾಗಿ ಒಳಗೆ ಹೋದೆನೆಂದು ಯಂತ್ರದ ನಮೂದು ಹಾಗೆಯೇ ಉಳಿದಿದೆ. ಚಿತ್ರವನ್ನು ಬದಲಿಸಲು ತಂಡದವರು ಬಳಸುತ್ತಿದ್ದ ಪ್ರೋಗ್ರಾಮಿಗೆ, ಯಾವ ಆಜ್ಞೆ ಕೊಟ್ಟರು, ಯಾರ ಲಾಗಿನ್ ಹೆಸರಿನಿಂದ ಕೊಟ್ಟರು ಎಂಬುದನ್ನು ಚಿತ್ರದೊಳಗೇ ಒಂದು ಸಾಲಿನಲ್ಲಿ ಬರೆದಿಡುವ ರೂಢಿಯಿದೆ. ಮೇಲಿನದನ್ನು ಕೆಳಗೆ ಮಾಡುವ ಆಜ್ಞೆ ಅಲ್ಲಿದೆ. ಅದರ ಮುಂದಿರುವ ಹೆಸರು ಅಕ್ಕಾರದ್ದಲ್ಲ. ಉಳಿದ ಎಂಟರಲ್ಲಿಯೂ ಅದೇ ಸಾಲು, ಅದೇ ಹೆಸರು. ಯಾರದೆಂದು ನಾನು ಬರೆಯುವುದಿಲ್ಲ, ತೆರೆದವರು ಓದಿಕೊಳ್ಳಲಿ.

ಯಾವ ನಂಬರು ಯಾರದೆಂದು ಹೇಳಬಾರದೆಂಬುದು ಅಕ್ಕಾರ ನಿಯಮವಾಗಿತ್ತು. ಅದನ್ನು ನನ್ನ ಮಟ್ಟಿಗೆ ಮುರಿಯುತ್ತಿದ್ದೇನೆ: ಹತ್ತೊಂಬತ್ತು ನಾನು. ಕಡತವನ್ನು ನಂಬದವರು ಗೋಪನಕೊಪ್ಪದ ಮನೆಗೆ ಬರಬಹುದು. ಬೆಳಗಿನ ಹೊತ್ತು ಹೊರಗಿನ ಕಟ್ಟೆಯ ಮೇಲೆಯೇ ಕುಳಿತಿರುತ್ತೇನೆ. ಎಡಗಿವಿಯ ಹಿಂದೆ ಬೆರಳಿಟ್ಟು ನೋಡಲಿ.