ಮೂರನೆಯ ಚೆಂಡು

ತಿಮ್ಮಯ್ಯನಿಗೆ ಎಪ್ಪತ್ತೆರಡಾಗಿತ್ತು, ಹೊಟ್ಟೆಕಿಚ್ಚಿಗೆ ಮಾತ್ರ ಇನ್ನೂ ಹರೆಯ. ಕಾರಣ, ಪಕ್ಕದ ಹೊಲದ ಚೆಲುವಯ್ಯ. ಎರಡು ವರ್ಷ ದೊಡ್ಡವನಾದರೂ ಹೊಗೆಸೊಪ್ಪನ್ನು ಶಾಖದಲ್ಲಿ ಬೇಯಿಸಿ ಒಣಗಿಸುವ ತನ್ನ ಎತ್ತರದ ಬ್ಯಾರನ್ನಿನೊಳಗೆ ತುದಿಯವರೆಗೂ ತಾನೇ ಹತ್ತಿ ಸೊಪ್ಪು ಕಟ್ಟಿದ ಕಡ್ಡಿ ಜೋಡಿಸುತ್ತಿದ್ದ. ಅದನ್ನು ಕಂಡ ದಿನ ತಿಮ್ಮಯ್ಯನಿಗೆ ತಿಂದ ಮುದ್ದೆ ಅರಗುತ್ತಿರಲಿಲ್ಲ.

ನಾನೇನು ಕಡಿಮೆ ಎಂದು ಈ ವರ್ಷ ಕೂಲಿಯವರನ್ನು ಸರಿಸಿ ತನ್ನ ಬ್ಯಾರನ್ನಿಗೆ ತಾನೇ ಹತ್ತಿದ. ಕಾಲು ಜಾರಿತು. ಬೀಳುವಾಗ ಅಡ್ಡ ಹಾಕಿದ್ದ ಗಳಕ್ಕೆ ಎದೆ ಬಡಿಯಿತು.

"ಯಾರ್ಗೂ ಏಳ್ಬ್ಯಾಡ ಕಣೇ. ಆ ಚೆಲುವನ ಕಿವಿಗ್ ಬಿದ್ರೆ ಊರೆಲ್ಲಾ ಆಡ್ಕತಾನೆ," ಎಂದು ಹೆಂಡತಿ ಮರಮ್ಮನ ಬಾಯಿ ಮುಚ್ಚಿಸಿದ. ಅವಳು ಅತ್ತೆ ಮಾಡುತ್ತಿದ್ದ ಹಾಗೆ ಉಪ್ಪಿನ ಶಾಖ ಕೊಟ್ಟು, ಹಳೇ ಸೀರೆ ಹರಿದು ಎದೆಗೆ ಬಿಗಿದು ಕಟ್ಟಿದಳು. ನೋವು ತಗ್ಗಿತು, ಅದರ ಜೊತೆ ಉಸಿರೂ ತಗ್ಗಿತು. ಬಂದ ಕೆಮ್ಮನ್ನೆಲ್ಲ ತಿಮ್ಮಯ್ಯ ನುಂಗಿಕೊಂಡ. ನಾಲ್ಕನೆಯ ದಿನ ಜ್ವರ ಏರಿ ತುಟಿ ಕಪ್ಪಿಟ್ಟಿತು.

ಹುಣಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಆ ಕಟ್ಟನ್ನು ಕತ್ತರಿಸಿ ಎಸೆದರು. "ಮೂರು ಪಕ್ಕೆಲುಬು ಮುರಿದಿವೆ. ಕಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಈ ವಯಸ್ಸಿನಲ್ಲಿ ಎದೆ ತುಂಬ ಉಸಿರೆಳೆಯದಿದ್ದರೆ ಒಳಗೆ ಕಫ ಕಟ್ಟಿ ಜೀವಕ್ಕೇ ಕುತ್ತು ಬರುತ್ತೆ." ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು, ಕೊಳವೆಯಲ್ಲಿ ಉಸಿರೆಳೆದರೆ ಚೆಂಡು ಒಂದೊಂದಾಗಿ ಮೇಲೇರಬೇಕು.

ತಿಮ್ಮಯ್ಯ ಒಮ್ಮೆ ಎಳೆದ. ಜೀವ ಹೋಗುವಷ್ಟು ನೋವಾಯಿತು. ಮಕ್ಕಳಾಟ ಎಂದು ಗೋಡೆ ಕಡೆ ಹೊರಳಿದವನು ಎರಡು ದಿನ ಅದನ್ನು ಮುಟ್ಟಲಿಲ್ಲ. "ಹೀಗೇ ಆದರೆ ಉಸಿರಿನ ಮಷೀನಿಗೆ ಹಾಕಬೇಕಾಗುತ್ತಮ್ಮ," ಎಂದರು ಡಾಕ್ಟರು. ಮರಮ್ಮ ಫೋನ್ ಹಿಡಿದು ಹೊರಗೆ ಹೋದಳು.

ಮಾರನೆಯ ದಿನ ಬಾಳೆಹಣ್ಣು ಹಿಡಿದು ಚೆಲುವಯ್ಯ ಬಂದ. "ಇದೇನ್ಲಾ ತಿಮ್ಮ?" ಎಂದು ಡಬ್ಬಿ ಎತ್ತಿ ಒಂದೇ ಉಸಿರಿಗೆ ಮೂರೂ ಚೆಂಡು ಮೇಲಕ್ಕೇರಿಸಿದ. "ಇಷ್ಟಕ್ಕೆ ಮಲ್ಗಿದ್ದೀಯಾ?"

ನರ್ಸು ಚೆಲುವಯ್ಯನಿಗೆ ಬೈದು ಕೊಳವೆ ಬದಲಿಸಿದಳು. ತಿಮ್ಮಯ್ಯನ ಎದೆಯಲ್ಲಿ ಮುರಿದ ಎಲುಬಿಗಿಂತ ಆ ಮೂರು ಚೆಂಡೇ ಹೆಚ್ಚು ಚುಚ್ಚಿದವು. ಅಂದಿನಿಂದ ದಿಂಬನ್ನು ಎದೆಗೊತ್ತಿಕೊಂಡು ಕೆಮ್ಮಿದ, ಎಳೆದ, ಅತ್ತ, ಮತ್ತೆ ಎಳೆದ. ಐದನೆಯ ದಿನ ಮೂರನೆಯ ಚೆಂಡು ಏರಿತು.

ಮನೆಗೆ ಕಳಿಸುವ ದಿನ ಚೆಲುವಯ್ಯನೇ ಆಟೋ ತಂದ. "ನಿನ್ ಹೆಂಡ್ರು ಪುಣ್ಯಾತ್ಗಿತ್ತಿ ಕಣ್ಲಾ. 'ಬಂದು ಅವರ ಹೊಟ್ಟೆ ಉರ್ಸಣ್ಣ' ಅಂತ ಫೋನ್ ಮಾಡಿ ಅತ್ಲು."

ತಿಮ್ಮಯ್ಯ ಎದೆ ತುಂಬ ಉಸಿರೆಳೆದುಕೊಂಡು ಹೆಂಡತಿಯ ಕಡೆ ತಿರುಗಿದ.

"ಇವನ ನಂಬರು ನಿನ್ ತಾವ ಎಂಗ್ ಬಂತೇ?"