ಕಳ್ಳನಿಗಾಗಿ ಬರೆದ ಪಾಠ

ಅಮ್ಮನ ಕಿವಿ ಮಂದವಾದ ಮೇಲೆ ನಮ್ಮ ಮನೆಯೊಳಗೆ ಜನರ ಮಾತು ಕಡಿಮೆಯಾಯಿತು. ಬರುವವರೇನೋ ಬರುತ್ತಿದ್ದರು, ಅಂಗಳದಲ್ಲಿ ನಿಂತು ಕೂಗಿ, ಉತ್ತರ ಸಿಗದೆ ಹಿಂದಿರುಗುತ್ತಿದ್ದರು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಪೇಟೆಯ ಬಟ್ಟೆ ಅಂಗಡಿಯ ಕೆಲಸ ಮುಗಿಸಿ, ಹೊಳೆ ದಾಟಿ ನಮ್ಮೂರು ಬೆಂಗ್ರೆಗೆ ಬರುವ ನನ್ನ ಮುಂದೆ ಅವಳದು ದಿನಾ ಒಂದೇ ಮಾತು: “ಈಗ ನಾನು ಯಾರಿಗೂ ಬೇಡ.” ಬಲೆ ಹೆಣೆಯುತ್ತಿದ್ದ ಕಾಲದಿಂದ ಜೊತೆಗಿದ್ದ ಗೆಳತಿಯೂ ತನ್ನನ್ನು ಮರೆತಳು ಎಂಬುದೇ ಅವಳ ದೊಡ್ಡ ಸಂಕಟ. ಅವರು ಬಂದು ಕೂಗಿ ಹೋಗುತ್ತಾರಂತಮ್ಮ, ಪಕ್ಕದ ಮನೆಯವರೇ ನೋಡಿದ್ದಾರೆ ಎಂದರೆ ನಂಬುವವಳಲ್ಲ. ಕಿವಿಯ ಮೆಷಿನ್ ತಂದುಕೊಟ್ಟರೆ, ಬರೀ ಗಲಾಟೆ ಎಂದು ಡಬ್ಬಿಗೆ ಹಾಕಿಟ್ಟಳು.

ಆಗ ಹಳೆ ಪುಸ್ತಕ ಮಾರುವವರ ಹತ್ತಿರ ನನಗೆ ಸಿಕ್ಕಿದ್ದು, ಎಲೆಕ್ಟ್ರಾನಿಕ್ಸ್ ಹೊಸದಾಗಿ ಕಲಿಯುವವರ ಒಂದು ಪುಸ್ತಕ. ಶಾಲೆಯಲ್ಲಿ ವಿಜ್ಞಾನ ಎಂದರೆ ಜ್ವರ ಬರುತ್ತಿದ್ದವಳು ನಾನು. ಆದರೆ ಇದನ್ನು ಬರೆದವರ ಹೊಟ್ಟೆ ತಣ್ಣಗಿರಲಿ. ನನಗೆ ಏನೂ ಗೊತ್ತಿಲ್ಲವೆಂದೇ ತಿಳಿದು ಬರೆದಿದ್ದರು, ಹಾಗಂತ ನನ್ನನ್ನು ದಡ್ಡಿ ಎಂದುಕೊಂಡಿರಲಿಲ್ಲ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಉರಿಯದಿದ್ದರೆ ಗಾಬರಿ ಬೇಡ, ತಿರುಗಿಸಿ ಹಾಕಿ. ನಾನು ತಿರುಗಿಸಿ ಹಾಕಿದೆ. ಉರಿಯಿತು. ಒಬ್ಬಳೇ ಕುಳಿತು ನಕ್ಕೆ.

ಕರೆಗಂಟೆಯ ಪಾಠ ನೋಡಿಕೊಂಡು ಬಾಗಿಲಿಗೆ ಬಟನ್, ಒಲೆಯ ಮೇಲಿನ ಗೋಡೆಗೆ ಕೆಂಪು ದೀಪ ಕೂರಿಸಿದೆ. ಒತ್ತಿದರೆ ಜಗ್ಗನೆ ಉರಿಯುತ್ತಿತ್ತು. ಒತ್ತುವವರೇ ಇರಲಿಲ್ಲ! ನಮ್ಮಲ್ಲಿ ಯಾರಾದರೂ ಬಟನ್ ಒತ್ತುತ್ತಾರೆಯೇ? ಅಂಗಳದಲ್ಲಿ ನಿಂತು “ಅಕ್ಕಾ, ಉಲ್ಲರಾ?” ಎಂದು ತುಳುವಿನಲ್ಲಿ ‘ಇದ್ದೀರಾ’ ಕೇಳಿ ಕೂಗಬೇಕು, ಒಳಗಿನಿಂದ ‘ಬಾ’ ಎಂದ ಮೇಲೆಯೇ ಮೆಟ್ಟಿಲು ಹತ್ತಬೇಕು. ಇಲ್ಲೇ ಹುಟ್ಟಿ ಬೆಳೆದ ನಾನು ಪುಸ್ತಕದ ಚಿತ್ರ ನೋಡುತ್ತ ಇದನ್ನೇ ಮರೆತಿದ್ದೆ.

ಉಪಾಯ ಸಿಕ್ಕಿದ್ದು ಅದೇ ಪುಸ್ತಕದ ಕೊನೆಯಲ್ಲಿ, ಕಳ್ಳನನ್ನು ಹಿಡಿಯುವ ಪಾಠದಲ್ಲಿ. ಬಾಗಿಲಿಗೆ ಆಯಸ್ಕಾಂತ, ಚೌಕಟ್ಟಿಗೆ ಸ್ವಿಚ್. ಬಾಗಿಲು ತೆರೆದು ಎರಡೂ ದೂರವಾದರೆ ಗಂಟೆ ಹೊಡೆಯುತ್ತದೆ. ನಾನು ಅದನ್ನು ಅಂಗಳದ ಗೇಟಿಗೆ ಕಟ್ಟಿ, ಗಂಟೆಯ ಬದಲು ಒಲೆಯ ಮೇಲಿನ ದೀಪಕ್ಕೆ ಜೋಡಿಸಿದೆ. ಬಂದವರು ಏನನ್ನೂ ಒತ್ತಬೇಕಾಗಿಲ್ಲ.

ಮುಂದಿನ ಭಾನುವಾರ ದೀಪ ಉರಿಯಿತು. ಅಮ್ಮ ಮೀನಿನ ಕೈ ಸೆರಗಿಗೆ ಒರೆಸಿಕೊಂಡು ಓಡಿದಳು. ಹಿಂದೆಯೇ ನಾನೂ ಹೋದೆ. ಅಂಗಳದಲ್ಲಿ ಅಮ್ಮನ ಆ ಗೆಳತಿ; ಕೂಗಲೆಂದು ತೆರೆದ ಬಾಯಿ ಹಾಗೆಯೇ ಇತ್ತು.

“ಎಲ್ಲಿ ಸತ್ತಿದ್ದಿ ಇಷ್ಟು ದಿನ?” ಎಂದಳು ಅಮ್ಮ.

ಗೆಳತಿ ಹತ್ತಿರ ಬಂದು ಅಮ್ಮನ ಕಿವಿಗೇ ಬಾಯಿಟ್ಟು ಗಟ್ಟಿಯಾಗಿ ಹೇಳಿದರು: “ಎಂತ ಅಕ್ಕ ನೀವು? ಎಷ್ಟು ಸಲ ಬಂದು ಕೂಗಿ ಹೋದೆ ನಾನು!”

ಅಮ್ಮ ಅವರ ಕೈ ಹಿಡಿದು ಒಳಗೆ ಕರೆತಂದಳು. ಅವರನ್ನು ಕೂರಿಸಿ, ಚಾಗೆ ನೀರಿಡಲು ಅಡುಗೆಮನೆಗೆ ಹೋದ ನನ್ನ ಪಕ್ಕ ಬಂದು ನಿಂತಳು. ಅವಳ ಕಣ್ಣು ತುಂಬಿತ್ತು.

“ಅವಳು ಬರ್ತಾ ಇದ್ದಳಂತೆ ಮಾರಾಯ್ತಿ,” ಎಂದಳು, ನಾನು ಅದನ್ನು ಒಮ್ಮೆಯೂ ಹೇಳಿಯೇ ಇಲ್ಲವೇನೋ ಎಂಬಂತೆ.