ಬಿಳಿ ಮರದ ಪೀಪಿ

ಆ ಪೀಪಿ ನನ್ನ ಕಿರುಬೆರಳಿಗಿಂತ ಉದ್ದವಿರಲಿಲ್ಲ. ಸಿಪ್ಪೆ ತೆಗೆದ ಬೆಳ್ಳನೆಯ ಕಡ್ಡಿ, ಒಂದು ತುದಿಯಲ್ಲಿ ಓರೆಯಾಗಿ ಕೊಯ್ದ ಬಾಯಿ, ಮೇಲೊಂದು ಸಣ್ಣ ಕಚ್ಚು. ಈಗಲೂ ಪಾತ್ರೆ ತೊಳೆಯುವಾಗ, ಹಾರೋಹಳ್ಳಿಯ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕೂತಾಗ, ಅದು ಆ ಮಗುವಿನ ತುಟಿಯ ಕಡೆಗೆ ಏರುವುದು ಕಾಣುತ್ತದೆ. ಪ್ರತಿ ಸಲವೂ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ನಿಲ್ಲುತ್ತದೆಂದು ಗೊತ್ತಿದ್ದರೂ ಕೈ ತಾನಾಗಿ ಮುಂದೆ ಹೋಗುತ್ತದೆ.

ನಾವು ಹೋಗಿದ್ದು ಗಿಡ ಆರಿಸಲು. ಚನ್ನಪಟ್ಟಣದ ನಮ್ಮ ಬಾಡಿಗೆ ಮನೆಯ ಮುಂದೆ ಉದ್ದನೆಯ ಜಗುಲಿಯಿದೆ. ಬಿಸಿಲು ಬೆಳಿಗ್ಗೆ ಮಾತ್ರ. ಅಲ್ಲಿ ಯಾವ ಗಿಡ ಬದುಕುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಫೋನಿನಲ್ಲಿ ಚಿತ್ರ ನೋಡಿ ತರಿಸಿದ ಎರಡು ಗಿಡಗಳು ಆಗಲೇ ಸತ್ತಿದ್ದವು. ಮಾಗಡಿ ಕಡೆ, ಸಾವನದುರ್ಗದ ಬಂಡೆ ಕಾಣುವಷ್ಟು ದೂರದಲ್ಲಿ, ಒಂದು ಸಸ್ಯೋದ್ಯಾನವಿದೆ, ಬೆಳೆದು ನಿಂತ ಗಿಡಗಳನ್ನು ಮೊದಲು ನೋಡಿ ಆಮೇಲೆ ಅಲ್ಲೇ ಸಸಿ ಕೊಳ್ಳಬಹುದು ಎಂದು ಯಾರೋ ಹೇಳಿದರು. ಒಂದು ಭಾನುವಾರ ಕಾರು ತೆಗೆದೆ.

ಎದುರು ಮನೆಯ ಚಾಚಾ ತಮ್ಮ ಮೊಮ್ಮಗಳ ಕೈ ಹಿಡಿದು ಬಂದು ನಿಂತರು. "ಕಾರಲ್ಲಿ ಒಸಿ ಜಾಗ ಐತೇನಮ್ಮ? ಗಿಡ ನೋಡ್ತೀನಿ ಅಂತ ಇವ್ಳು ಪ್ರಾಣ ತಿಂತಾವ್ಳೆ."

"ನಾನಲ್ಲ ಆಂಟಿ, ದಾದಾನೇ ಹೇಳ್ಕೊಟ್ಟಿದ್ದು," ಎಂದಳು ಹುಡುಗಿ.

ಚಾಚಾ ಗೊಂಬೆ ಕೆಲಸದವರು. ಹಾಲು ಒಸರುವ, ಒಳಗೆ ಬೆಳ್ಳಗಿರುವ ಆಲೆ ಮರವನ್ನು ಲೇತ್ ಯಂತ್ರಕ್ಕೆ ಕೊಟ್ಟು ತಿರುಗಿಸಿ, ಅರಗಿನ ಬಣ್ಣ ಹತ್ತಿಸಿ, ಗಿಲಕಿ, ಬುಗುರಿ ಮಾಡುತ್ತಾರೆ. ಯಾರಾದರೂ ಗೊಂಬೆ ಕೈಗೆತ್ತಿಕೊಂಡರೆ ಅವರು ಮೊದಲು ಹೇಳುವ ಮಾತು ಒಂದೇ: "ಮಗು ಬಾಯಿಗಾಕ್ಕೊಂಡ್ರೂ ಏನೂ ಆಗಾಕಿಲ್ಲ." ಬೆಲೆ ಆಮೇಲೆ.

ತೋಟದಲ್ಲಿ ನಾನೂ ಚಾಚಾನೂ ನೋಡಿದ್ದು ಬೇರೆ ಬೇರೆ. ನಾನು ಎಲೆಯ ಬಣ್ಣ ನೋಡುತ್ತಿದ್ದೆ. ಒಂದೇ ಕ್ರೋಟನ್ ಗಿಡದಲ್ಲಿ ಹಳದಿ, ಕೆಂಪು, ಹಸಿರು ಹೇಗೆ ಬಂದವು? ನೆರಳಿನಲ್ಲಿದ್ದ ಗಿಡಗಳ ಎಲೆ ಯಾಕೆ ಅಷ್ಟು ದೊಡ್ಡದು? ಪ್ರತಿ ಬುಡದಲ್ಲೂ ಫಲಕವಿತ್ತು. ಬಿಸಿಲೆಷ್ಟು, ನೀರೆಷ್ಟು, ಕುಂಡದಲ್ಲಿ ಬೆಳೆಯುತ್ತದೋ ಇಲ್ಲವೋ, ಎಲ್ಲವನ್ನೂ ಬಗ್ಗಿ ಓದುತ್ತಿದ್ದೆ. ಚಾಚಾ ಕಾಂಡಕ್ಕೆ ಬೆರಳಲ್ಲಿ ತಟ್ಟಿ, "ಇದು ಸೀಳ್ತದೆ," "ಇದ್ರಲ್ಲಿ ಬುಗುರಿ ಬತ್ತದೆ," ಎನ್ನುತ್ತ ನಡೆದರು. ಕೇದಗೆಯ ಜಾತಿಯ ಒಂದು ಪೊದೆಯ ಮುಂದೆ ನಿಂತು ನಕ್ಕುಬಿಟ್ಟರು. ಗೊಂಬೆಗೆ ಹೊಳಪು ಕೊಡಲು ಉಜ್ಜುವುದು ಅಂಥದೇ ಗರಿಯಿಂದ.

"ನೋಡಮ್ಮ, ನಮ್ ಪಾಲಿಶ್ ಗರೀನ ಇಲ್ಲಿ ಶೋಗೆ ಇಟ್ಟವ್ರೆ! ಇನ್ನೊಸಿ ದಿನಕ್ಕೆ ನನ್ನೂ ನಿಲ್ಲಿಸ್ತಾರೆ, ಬೋರ್ಡ್ ಹಾಕಿ."

"ಆಂಟಿ ಅದನ್ನೂ ಓದ್ತಾರೆ," ಎಂದಳು ಹುಡುಗಿ. "ಆಂಟಿ, ನಾಳೆ ಪರೀಕ್ಷೆ ಐತಾ ನಿಮ್ಗೆ?"

ಕೊಳದ ದಂಡೆಗೆ ಬಂದಾಗ ಅವರಿಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಸವರಿ ಹಾಕಿದ ಕೊಂಬೆಗಳ ರಾಶಿ ಇತ್ತು, ಸೊಪ್ಪನ್ನು ಬೇರೆ ಮಾಡಿದ್ದರು. ನಾನು ಸ್ವಲ್ಪ ಮುಂದಿದ್ದ ಮರದ ಕಡೆ ನಡೆದೆ. ಮಾವಿನಂಥ ಹೊಳೆಯುವ ಎಲೆ, ಬಿಳಿ ಹೂವು, ಹೂವಿನ ನಡುವೆ ಹಳದಿ ಚುಕ್ಕೆ, ಮಲ್ಲಿಗೆಯನ್ನು ನೆನಪಿಸುವ ತಿಳಿವಾಸನೆ. ಇದನ್ನು ಕುಂಡದಲ್ಲಿ ಇಡಬಹುದೇ ಎಂದು ನೋಡಲು ಫಲಕದತ್ತ ಬಗ್ಗಿದೆ. ಕರಾವಳಿಯ ಹಿನ್ನೀರಿನಂಚಿನ ಮರ. ಕಣಗಿಲೆಯ ಕುಟುಂಬ. ಕೆಳಗೆ ಕೆಂಪಕ್ಷರದಲ್ಲಿ: ಕಾಯಿ, ಎಲೆ, ಹಾಲು, ಎಲ್ಲ ಭಾಗವೂ ವಿಷ, ಹೃದಯಕ್ಕೆ ಅಪಾಯ.

ಛೇ, ಎಷ್ಟು ಚೆಂದದ ಹೂವು ಎಂದುಕೊಂಡು ತಲೆಯೆತ್ತಿದೆ. ಮರದ ಗೆಲ್ಲುಗಳನ್ನು ಹೊಸದಾಗಿ ಕಡಿದಿದ್ದರು. ಕಡಿದ ಕಡೆ ಹಾಲು ಒಸರಿ ಹೆಪ್ಪುಗಟ್ಟಿತ್ತು. ಅದೇ ಹೊತ್ತಿಗೆ ಹಿಂದಿನಿಂದ ಪೀ ಎಂದು ಸದ್ದು ಬಂತು.

ತಿರುಗಿದಾಗ ಚಾಚಾ, ಆ ರಾಶಿಯಿಂದ ಆರಿಸಿ ಚಾಕುವಿನಲ್ಲಿ ಕೆತ್ತಿದ ಕಡ್ಡಿಯೊಂದನ್ನು ಬಾಯಿಂದ ತೆಗೆದು ಉಗಿಯುತ್ತಿದ್ದರು. "ಕಹಿ ಐತಲ್ಲ ಇದು," ಎನ್ನುತ್ತ ಪೀಪಿಯ ಬಾಯನ್ನು ಅಂಗಿಗೆ ಒರೆಸಿ ಮೊಮ್ಮಗಳ ಕೈಗೆ ಕೊಟ್ಟರು. ಅವಳು ಎತ್ತಿದಳು.

ನಾನು ಕೂಗಿದ್ದೇನು ನೆನಪಿಲ್ಲ. ಓಡಿದ್ದು ನೆನಪಿದೆ, ಅವಳ ಕೈಗೆ ಹೊಡೆದದ್ದು ನೆನಪಿದೆ. ಪೀಪಿ ಹುಲ್ಲಿಗೆ ಬಿತ್ತು. ಹುಡುಗಿ ಜೋರಾಗಿ ಅತ್ತಳು.

"ಏನಮ್ಮ, ಮಗೀಗೆ ಹೊಡೀತೀಯಾ?" ಚಾಚಾ ಎದ್ದು ನಿಂತರು.

"ವಿಷದ ಮರ ಚಾಚಾ ಅದು! ಬೋರ್ಡ್ ಹಾಕವ್ರೆ!"

"ಆಲೆ ಕಣಮ್ಮ ಇದು. ಹಾಲು ನೋಡು, ಬಿಳುಪು ನೋಡು." ಹೇಳುತ್ತ ಹೇಳುತ್ತಲೇ ಅವರ ದನಿ ತಗ್ಗಿತು. ನಾಲಿಗೆಯಿಂದ ತುಟಿ ಸವರಿಕೊಳ್ಳಹೋಗಿ ನಿಲ್ಲಿಸಿದರು. "ಅವ್ಳು ಊದಿದ್ಲಾ?" ಎಂದು ಕೇಳಿದರು. ತಮ್ಮ ವಿಷಯ ಕೇಳಲಿಲ್ಲ.

ಬಾಟಲಿಯ ನೀರಿನಿಂದ ಇಬ್ಬರ ಬಾಯಿ, ಕೈ ತೊಳೆಸಿದೆ. ಫಲಕದ ಫೋಟೊ ತೆಗೆದುಕೊಂಡು ರಾಮನಗರದ ಆಸ್ಪತ್ರೆಗೆ ಕಾರು ಓಡಿಸಿದೆ. ಹಿಂದಿನ ಸೀಟಿನಲ್ಲಿ ಚಾಚಾ ಮೊಮ್ಮಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದರು, "ತುಟಿಗೆ ತಾಕ್ತಾ ಬೇಟಾ? ನಿಜ ಹೇಳು." ಅವಳು ಬಿಕ್ಕುತ್ತಲೇ, "ಇಲ್ಲ ದಾದಾ, ಆಂಟಿ ಊದಾಕೇ ಬುಡ್ಲಿಲ್ಲ," ಎನ್ನುತ್ತಿದ್ದಳು. ಅಷ್ಟು ಸಿಟ್ಟಿನ ಉತ್ತರ ನನಗೆ ಅಷ್ಟು ಹಿತವಾಗಿ ಕೇಳಿದ್ದು ಅದೇ ಮೊದಲು.

ಹುಡುಗಿಗೆ ಏನೂ ಆಗಲಿಲ್ಲ. ಚಾಚಾ ಎರಡು ಸಲ ವಾಂತಿ ಮಾಡಿದರು, ನಾಡಿ ನಿಧಾನವಾಯಿತು. ಎದೆಗೆ ವೈರು ಅಂಟಿಸಿ ಮಲಗಿಸಿದರು. ಹಾಲು ಹೀರಿ ಉಗಿದಿದ್ದರಿಂದ ಹೊಟ್ಟೆಗೆ ಹೋದದ್ದು ಸ್ವಲ್ಪವೇ ಎಂದು ಡಾಕ್ಟರು ಹೇಳಿದರು. ಹಾಗೆ ಉಗಿಯುವುದು ಗೊಂಬೆ ಕಸುಬಿನವರ ಪದ್ಧತಿಯಂತೆ: ಹಸಿ ಕಡ್ಡಿಯ ಒಳಗಿನ ಮೆತ್ತನೆಯ ಬೆಂಡು ತಳ್ಳಿ ಪೀಪಿ ಮಾಡಿದರೆ, ಮಾಡಿದವನೇ ಮೊದಲು ಹೀರಿ, ಉಗಿದು, ಊದಿ ನೋಡಬೇಕು, ಆಮೇಲೆ ಮಗುವಿಗೆ. ಹುಡುಗಿ ಉಳಿದದ್ದು ಆ ಪದ್ಧತಿಯಿಂದಲೋ ನನ್ನ ಓಟದಿಂದಲೋ ಎಂದು ಆಗಾಗ ಯೋಚಿಸುತ್ತೇನೆ. ಅವರು ಊದದಿದ್ದರೆ ಸದ್ದು ಬರುತ್ತಿರಲಿಲ್ಲ, ನಾನು ತಿರುಗುತ್ತಿರಲಿಲ್ಲ.

ವಾರದ ಮೇಲೆ ನಾನೊಬ್ಬಳೇ ಆ ತೋಟಕ್ಕೆ ಹೋದೆ. ಮರದ ಮುಂದೆ ತುಂಬ ಹೊತ್ತು ನಿಂತೆ. ಸುತ್ತ ದುಂಬಿಗಳಿದ್ದವು, ಅವುಗಳಿಗೆ ಏನೂ ಆದಂತಿರಲಿಲ್ಲ. ಅತ್ತ ಇನ್ನೊಂದು ಸಾಲಿನಲ್ಲಿ ಆಲೆ ಮರವೂ ಇತ್ತು. ಅದರ ಫಲಕದಲ್ಲೂ ಅದೇ ಮಾತು, ಕಣಗಿಲೆಯ ಕುಟುಂಬ. ಚಾಚಾ ಗುರುತು ತಪ್ಪಿದ್ದು ನೆಂಟರ ಮನೆಯ ಒಳಗೇ. ಜಗುಲಿಗೆ ನೆರಳಲ್ಲೂ ಬದುಕುವ ಜರಿಗಿಡದ ಎರಡು ಕುಂಡ ತಂದೆ.

ಚಾಚಾ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಬಹಳ ದಿನ ಲೇತಿನ ಸದ್ದು ಕೇಳಲಿಲ್ಲ. ಗೊಂಬೆ ಕೊಳ್ಳಲು ಬಂದವರಿಗೆ ಬಾಯಿಗೆ ಹಾಕಿಕೊಳ್ಳುವ ಮಾತನ್ನೂ ಹೇಳುತ್ತಿರಲಿಲ್ಲ. ಮೊನ್ನೆ ಬೆಳಿಗ್ಗೆ ಮತ್ತೆ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮೊಮ್ಮಗಳೊಂದಿಗೆ ನಮ್ಮ ಜಗುಲಿಗೆ ಬಂದರು. ಕೈಯಲ್ಲಿ ಒಣಗಿದ ಆಲೆಯ ಪೀಪಿ, ಅರಗಿನ ಹಳದಿ ಬಣ್ಣ, ಗರಿಯ ಹೊಳಪು. ನನ್ನ ಮುಂದೆಯೇ ಒಮ್ಮೆ ಊದಿದರು. ತುಟಿ ಚಪ್ಪರಿಸಿ ನೋಡಿದರು. ಆದರೂ ಅವಳಿಗೆ ಕೊಡದೆ ನನ್ನತ್ತ ಚಾಚಿದರು.

"ನೀನೂ ಒಂದ್ಸಲ ನೋಡ್ಬುಡಮ್ಮ. ಇದಕ್ಕೆ ಬೋರ್ಡ್ ಇಲ್ಲ."

ಊದಿದೆ. ಕಹಿಯಿರಲಿಲ್ಲ. ಹುಡುಗಿಗೆ ಕೊಟ್ಟೆ. ಅವಳು ನನ್ನ ಕೈಗಳನ್ನೇ ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದು, ಪೀಪಿಯನ್ನು ಬಾಯಿಗಿಟ್ಟಳು.